ರಾಜಾ ಅಂಪತ್ ಡೈವ್ ದಾಖಲೆ: ಸೆಳೆತದ ಕಾಲಂ

ಡ್ಯಾಂಪಿಯರ್ ಜಲಸಂಧಿ

ಇಂಡೋನೇಷ್ಯಾದ ಪೂರ್ವ ತುದಿಯ ರಾಜಾ ಅಂಪತ್ ದ್ವೀಪಸಮೂಹಕ್ಕೆ ಡೈವಿಂಗ್ ಯಾನ ಇದು. ಸೊರೋಂಗ್ ಬಂದರು ಬಿಟ್ಟ ಮೇಲೆ ನಮ್ಮ ಮೊದಲ ಹಂತ ವೈಗಿಯೊ ಮತ್ತು ಬಟಾಂಟಾ ದ್ವೀಪಗಳ ನಡುವಿನ ಈ ಜಲಸಂಧಿ. ಆಳ, ಸಮಯ, ಟ್ಯಾಂಕಿನಲ್ಲಿ ಉಳಿದ ಗಾಳಿ, ಇಷ್ಟನ್ನು ಮೊದಲಿನಿಂದಲೂ ಬರೆದಿಡುತ್ತಿದ್ದೆ. ಈ ಯಾನಕ್ಕೆಂದು ಪುಸ್ತಕದಲ್ಲಿ ಇನ್ನೊಂದು ಕಾಲಂ ಹಾಕಿದ್ದೇನೆ: ಸೆಳೆತ. ನೀರು ಯಾವ ಕಡೆಯಿಂದ ಬರುತ್ತಿತ್ತು, ಎಷ್ಟು ಜೋರಿತ್ತು. ಮೀನುಗಳ ಪಟ್ಟಿಯನ್ನು ಅದರ ಪಕ್ಕದಲ್ಲಿಟ್ಟು ಓದಿದಾಗಲೇ ಈ ಸಮುದ್ರ ನನಗೆ ಅರ್ಥವಾಗತೊಡಗಿದ್ದು.

ಪೆಸಿಫಿಕ್ ಸಾಗರದ ಪಶ್ಚಿಮ ಅಂಚಿನಲ್ಲಿ ನೀರಿನ ಮಟ್ಟ ಹಿಂದೂ ಮಹಾಸಾಗರಕ್ಕಿಂತ ತುಸು ಎತ್ತರ. ಆ ನೀರು ಇಂಡೋನೇಷ್ಯಾದ ದ್ವೀಪಗಳ ಸಂದಿಗಳಲ್ಲಿ ನುಗ್ಗಿ ಪಶ್ಚಿಮಕ್ಕೆ ಹರಿಯುತ್ತದೆ. ಅದರ ಮೇಲೆ ಉಬ್ಬರವಿಳಿತದ ಸೆಳೆತ ಬೇರೆ. ಬರುವಾಗ ಆ ನೀರು ಪ್ಲಾಂಕ್ಟನ್ನನ್ನೂ, ಅಂದರೆ ತೇಲಾಡುವ ಪುಟ್ಟ ಜೀವಿಗಳನ್ನೂ, ಹೊತ್ತು ತರುತ್ತದೆ.

ಈ ಜಲಸಂಧಿಯ ಕೇಪ್ ಕ್ರಿ ಎಂಬ ಡೈವ್ ಜಾಗದಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಮೀನುತಜ್ಞ ಜೆರಾಲ್ಡ್ ಆಲೆನ್ 2012ರಲ್ಲಿ ಒಂದೇ ಡೈವ್‌ನಲ್ಲಿ 374 ಜಾತಿಯ ಮೀನುಗಳನ್ನು ಗುರುತಿಸಿದ್ದು ಇಲ್ಲೇ. ನೀರು ಹವಳದ ದಿಬ್ಬದ ಮೂಲೆಗೆ ಬಡಿದು ಎರಡಾಗಿ ಸೀಳುವ ಜಾಗದಲ್ಲಿ ಬಂಡೆಗೆ ಕೊಕ್ಕೆ ಸಿಕ್ಕಿಸಿ ನಿಂತೆ. ಎದುರಿಗೆ ಪ್ಲಾಂಕ್ಟನ್ ತಿನ್ನುವ ಫ್ಯುಸಿಲಿಯರ್‌ಗಳ ಹಿಂಡು, ಅವುಗಳ ಮೇಲೆ ಕಣ್ಣಿಟ್ಟ ಟ್ರೆವಲಿ, ಆಚೆ ನೀಲಿಯಲ್ಲಿ ಬರಾಕುಡಾ. ಸ್ವಲ್ಪ ಪಕ್ಕಕ್ಕೆ ಸರಿದು ದಿಬ್ಬದ ಮರೆಗೆ ಹೋದರೆ ಅದೇ ಆಳ, ಅದೇ ಹವಳ, ಆದರೆ ಊಟದ ಭರಾಟೆ ಇಲ್ಲ. ಸ್ವೀಟ್‌ಲಿಪ್ಸ್ ಮೀನುಗಳ ಗುಂಪು ಕದಲದೆ ನಿಂತಿದೆ. ಸೆಳೆತವೆಂದರೆ ತಪ್ಪಿಸಿಕೊಳ್ಳಬೇಕಾದ್ದು ಎಂದೇ ಡೈವರ್‌ಗಳು ಮಾತಾಡುತ್ತಾರೆ. ಇಲ್ಲಿ ಅದನ್ನೇ ಹುಡುಕಿಕೊಂಡು ಹೋಗಬೇಕು, ಜೊತೆಗಾರರನ್ನು ಬಿಡದೆ, ಗಾಳಿಯ ಮೇಲೆ ನಿಗಾ ಇಟ್ಟು.

ಮಾಂಟಾ ಸ್ಯಾಂಡಿ ಎಂಬ ಇನ್ನೊಂದು ಜಾಗದಲ್ಲಿ ಮಾಂಟಾ ನೋಡಲು ಡೈವರ್‌ಗಳು ಮರಳಿನ ಮೇಲೆ ಗೆರೆ ದಾಟದೆ ಕಾಯಬೇಕು. ಅದು ಒಳ್ಳೆಯ ನಿಯಮ. ತೊರಕೆ ಮೀನಿನ ಬಳಗದ ಈ ದೈತ್ಯ ಸೆಳೆತಕ್ಕೆ ಮುಖ ಮಾಡಿ ಹವಳದ ಗುಡ್ಡೆಯೊಂದರ ಮೇಲೆ ತೇಲುತ್ತಾ ನಿಂತುಬಿಡುತ್ತದೆ. ಬೆರಳುದ್ದದ ಕ್ಲೀನರ್ ರಾಸ್ ಮೀನುಗಳು ಕಿವಿರುಗಳ ಹತ್ತಿರ ಹೋಗಿ ಪರಾವಲಂಬಿಗಳನ್ನು ಕಿತ್ತು ತಿನ್ನುತ್ತವೆ. ಪ್ರತಿ ಮಾಂಟಾದ ಹೊಟ್ಟೆಯ ಮೇಲಿನ ಚುಕ್ಕೆಗಳ ವಿನ್ಯಾಸ ಬೇರೆ ಬೇರೆ, ಅದೇ ಅದರ ಗುರುತು. ಹಾಗಾಗಿ ಈಗ ಬೆನ್ನಿನ ಚಿತ್ರದ ಆಸೆ ಬಿಟ್ಟು ಹೊಟ್ಟೆಯ ಚಿತ್ರಕ್ಕೆ ಕಾಯುತ್ತೇನೆ. 2014ರಿಂದ ಇಡೀ ಇಂಡೋನೇಷ್ಯಾದಲ್ಲಿ ಮಾಂಟಾ ಹಿಡಿಯುವಂತಿಲ್ಲ.

ಮಿಸೂಲ್

ರಾತ್ರಿಯಿಡೀ ದಕ್ಷಿಣಕ್ಕೆ ಸಾಗಿ ಈ ದ್ವೀಪಕ್ಕೆ ಬಂದಿದ್ದೇವೆ. ಇಲ್ಲಿನ ಬಣ್ಣವೆಲ್ಲ ಮೆದು ಹವಳಗಳದ್ದು. ನೀರು ಕೆಂಪು ಬೆಳಕನ್ನು ಬೇಗ ಹೀರಿಬಿಡುವುದರಿಂದ ಟಾರ್ಚ್ ಹಾಕುವ ತನಕ ಗೋಡೆಯೆಲ್ಲ ಬೂದುನೀಲಿ. ಹಾಕಿದ ತಕ್ಷಣ ಕಡುಗೆಂಪು, ಕಿತ್ತಳೆ, ನೇರಳೆ. ಡೆಂಡ್ರೊನೆಫ್ತಿಯಾ ಕುಲದ ಮೆದು ಹವಳದೊಳಗೆ ಬಿಸಿಲಿನಿಂದ ಆಹಾರ ತಯಾರಿಸುವ ಪಾಚಿ ಇರುವುದಿಲ್ಲ. ನೀರು ತಂದುಕೊಟ್ಟದ್ದೇ ಊಟ. ಸೆಳೆತ ನಿಂತ ಹೊತ್ತಿನಲ್ಲಿ ಇಳಿದಾಗ ಅವು ಮುದುಡಿ ಜೋತುಬಿದ್ದಿದ್ದವು. ಅದೇ ಗೋಡೆಗೆ ಸೆಳೆತ ಶುರುವಾದ ಮೇಲೆ ಮತ್ತೆ ಇಳಿದರೆ ನೀರು ತುಂಬಿಕೊಂಡು ಎದ್ದು ನಿಂತಿದ್ದವು. ಪ್ರತಿ ಕೊಂಬೆಯ ತುದಿಯಲ್ಲೂ ಎಂಟೆಂಟು ಎಸಳಿನ ಪುಟ್ಟ ಬಾಯಿಗಳು ತೆರೆದಿದ್ದವು. ಈ ಯಾನದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಜೋಡಿ ಚಿತ್ರ ಇದು.

ಪಿಗ್ಮಿ ಕಡಲಕುದುರೆಯೂ ಸಿಕ್ಕಿತು. ಸೆಳೆತಕ್ಕೆ ಅಡ್ಡಲಾಗಿ ಬೆಳೆಯುವ ಬೀಸಣಿಗೆ ಹವಳದ ಮೇಲೆ, ಎರಡು ಸೆಂಟಿಮೀಟರ್ ಉದ್ದವೂ ಇಲ್ಲದ ಜೀವಿ. ಮೈಮೇಲಿನ ಕೆಂಪು ಗಂಟುಗಳು ಹವಳದ ಮುಚ್ಚಿದ ಬಾಯಿಗಳ ಹಾಗೆಯೇ ಇವೆ. 1969ರಲ್ಲಿ ಜಾರ್ಜ್ ಬಾರ್ಗಿಬಾಂ ಇದನ್ನು ಮೊದಲು ಕಂಡದ್ದು ವಸ್ತುಸಂಗ್ರಹಾಲಯಕ್ಕಾಗಿ ತಂದ ಹವಳದ ಮೇಲೆ ಎಂದರೆ ಮರೆಮಾಚುವಿಕೆ ಎಷ್ಟು ಗಟ್ಟಿ ಎಂದು ಊಹಿಸಬಹುದು. ಎರಡೇ ಚಿತ್ರ ತೆಗೆದು ಬೆಳಕು ತಿರುಗಿಸಿಕೊಂಡೆ. ಮುಖ ತಿರುಗಿಸಿಕೊಳ್ಳುವ ಪ್ರಾಣಿಯನ್ನು ಕಾಡಬಾರದು.

ಇನ್ನು ಉಳಿದಿರುವುದು ರಾತ್ರಿ ಡೈವ್. ರಾಜಾ ಅಂಪತ್‌ನದೇ ಆದ ನಡೆಯುವ ಶಾರ್ಕ್ ಕತ್ತಲಾದ ಮೇಲೆ ರೆಕ್ಕೆಗಳನ್ನು ಕಾಲಿನಂತೆ ಊರಿ ಹವಳದ ಮೇಲೆ ಓಡಾಡುತ್ತದೆ. ಆಳಕ್ಕೆ ಇಳಿಯಬೇಕಿಲ್ಲ, ಮೂರ್ನಾಲ್ಕು ಮೀಟರ್ ಸಾಕು. ನಾಳೆ ಸಂಜೆ ಇಳಿತವಿದೆ. ಸಣ್ಣ ಟಾರ್ಚ್ ಚಾರ್ಜಿಗೆ ಹಾಕಿದ್ದೇನೆ.