ಇಳಿಯಲೊಲ್ಲದ ಹೈವ್: ಓದುಕೊಠಡಿಯ ಆರು ಯಂತ್ರಗಳಲ್ಲಿ ಐದು ಮುಗಿದವು

ಕಳೆದ ಶನಿವಾರ ರಾತ್ರಿ ಹನ್ನೊಂದೂವರೆಯ ಹೊತ್ತಿಗೆ ಐದನೆಯ ಯಂತ್ರವು, ಹೊಸ ಖಾತೆಗಳಲ್ಲಿ ಕನ್ನಡ ಕೀಲಿಮಣೆಯನ್ನು ಸಿದ್ಧವಾಗಿಡಲು ನಾನು ಬರೆದ ಪೈಥಾನ್ ಸ್ಕ್ರಿಪ್ಟನ್ನು ಮೊದಲ ಓಟದಲ್ಲೇ, ಯಾವ ತಕರಾರೂ ಇಲ್ಲದೆ, ಕೊನೆಯ ಸಾಲಿನವರೆಗೆ ಓಡಿಸಿ ಮುಗಿಸಿತು. ಕೆಳಗೆ ಜಗುಲಿಯಲ್ಲಿ ಮೆಟ್ಟುಗತ್ತಿಗಳ ಸದ್ದು ಇನ್ನೂ ನಿಂತಿರಲಿಲ್ಲ. ಕೊನೆಕೊಯ್ಲಿನ ದಿನಗಳಲ್ಲಿ ಶಿರಸಿಯ ಸುತ್ತಲಿನ ಯಾವ ಮನೆಯಲ್ಲೂ ಅಡಿಕೆ ಸುಲಿಯಲು ಕೂರದೆ ಅಟ್ಟ ಹತ್ತಿ ಕುಳಿತವನಿಗೆ ಮರ್ಯಾದೆ ಇರುವುದಿಲ್ಲ, ನನಗೂ ಹದಿನೇಳು ದಿನಗಳಿಂದ ಇರಲಿಲ್ಲ. ಆ ಹದಿನೇಳು ದಿನಗಳನ್ನು ತಿಂದುಹಾಕಿದ ತೊಂದರೆ ಎರಡು ಸಾಲುಗಳ ತಿದ್ದುಪಡಿಯಲ್ಲಿ ಬಗೆಹರಿಯಿತು. ಈ ಸಲದ ಟಿಪ್ಪಣಿ ಪೂರ್ತಿ ಆ ಎರಡು ಸಾಲುಗಳದ್ದೇ. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಕೂರಿಸಿದ್ದು, ವಿಂಡೋಸ್ ಹಾಕಿದ್ದು, ಪೈಥಾನ್ ಹಾಕಿದ್ದು ಎಲ್ಲರಿಗೂ ಗೊತ್ತಿರುವ ಕೆಲಸಗಳಾದ್ದರಿಂದ ಅವನ್ನು ಬಿಟ್ಟಿದ್ದೇನೆ.

ಹೊಸದಾಗಿ ಓದುತ್ತಿರುವವರಿಗಾಗಿ ಹಿನ್ನೆಲೆಯನ್ನು ಚಿಕ್ಕದಾಗಿ ಹೇಳುತ್ತೇನೆ. ನಮ್ಮೂರಿನ ಓದುಕೊಠಡಿಗೆಂದು ಹುಬ್ಬಳ್ಳಿಯ ಒಬ್ಬ ವ್ಯಾಪಾರಿಯಿಂದ ಆರು ಹಳೆಯ ಕಂಪ್ಯೂಟರುಗಳನ್ನು ತರಿಸಿದ್ದೇವೆ. ಎಲ್ಲವೂ ಇಂಟೆಲ್‌ನ ನಾಲ್ಕನೆಯ ತಲೆಮಾರಿನ ಪ್ರೊಸೆಸರಿನವು, ಆದ್ದರಿಂದ ವಿಂಡೋಸ್ 11 ಅವುಗಳನ್ನು ಹತ್ತಿರಕ್ಕೂ ಬಿಟ್ಟುಕೊಳ್ಳುವುದಿಲ್ಲ. ವಿಂಡೋಸ್ 10ಕ್ಕೆ ಸಿಗುತ್ತಿದ್ದ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಕೊಠಡಿಗೆ ಅಂತರ್ಜಾಲದ ಸಂಪರ್ಕವನ್ನೇ ಕೊಡದಿರುವುದರಿಂದ ಸದ್ಯಕ್ಕೆ ಅದನ್ನೇ ಇಟ್ಟುಕೊಂಡಿದ್ದೇವೆ. ಊರಿನ ಮಕ್ಕಳು ಒಬ್ಬೊಬ್ಬರಿಗೂ ಬೇರೆ ಬೇರೆ ಖಾತೆ ಇರಬೇಕು, ಖಾತೆ ತೆರೆದ ಮೊದಲ ಕ್ಷಣದಿಂದಲೇ ಕನ್ನಡ ಕೀಲಿಮಣೆ ಸಿದ್ಧವಿರಬೇಕು, ಯಾರೂ ಸೆಟ್ಟಿಂಗ್ಸ್‌ಗೆ ಹೋಗಿ ಭಾಷೆ ಸೇರಿಸುವಂತಾಗಬಾರದು ಎಂಬುದು ನಮ್ಮ ಬೇಡಿಕೆ.

ಇದಕ್ಕಿರುವ ದಾರಿ ಹಳೆಯದು. ವಿಂಡೋಸ್ ಪ್ರತಿ ಹೊಸ ಬಳಕೆದಾರನಿಗೂ ಸಿ ಡ್ರೈವಿನ ಯೂಸರ್ಸ್ ಒಳಗಿರುವ ಡಿಫಾಲ್ಟ್ ಫೋಲ್ಡರನ್ನು ನಕಲು ಮಾಡಿ ಕೊಡುತ್ತದೆ. ಅದರೊಳಗಿನ ಎನ್‌ಟಿಯೂಸರ್.ಡ್ಯಾಟ್ ಎಂಬ ಕಡತವೇ ಆ ಬಳಕೆದಾರನ ರಿಜಿಸ್ಟ್ರಿ ಹೈವ್, ಅಂದರೆ ಅವನ ಸೆಟ್ಟಿಂಗುಗಳನ್ನೆಲ್ಲ ಕೂಡಿಟ್ಟ ಗೂಡು. ಆ ಮೂಲ ಹೈವನ್ನು ಎಚ್‌ಕೀ ಯೂಸರ್ಸ್ ಅಡಿಯಲ್ಲಿ ತಾತ್ಕಾಲಿಕವಾದ ಒಂದು ಹೆಸರಿನಲ್ಲಿ ಏರಿಸಿ, ಬೇಕಾದುದನ್ನು ಬರೆದು, ಇಳಿಸಿಬಿಟ್ಟರೆ ಮುಂದೆ ಹುಟ್ಟುವ ಖಾತೆಗಳೆಲ್ಲ ಅದೇ ಜಾತಕದಲ್ಲಿ ಹುಟ್ಟುತ್ತವೆ. ರಿಜಿಸ್ಟ್ರಿಯನ್ನು ಓದಿ ಬರೆಯಲೆಂದೇ ಇರುವ ಪೈಥಾನಿನ ವಿನ್‌ರೆಗ್ ಮಾಡ್ಯೂಲಿನಲ್ಲಿ ಲೋಡ್‌ಕೀ ಎಂಬ ಫಂಕ್ಷನ್ ಇದೆಯಾದರೂ ಅದಕ್ಕೆ ರಿಸ್ಟೋರ್ ಪ್ರಿವಿಲೇಜ್ ಬೇಕು. ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿದರೂ ಆ ಅಧಿಕಾರ ತಾನಾಗಿ ಜಾಗೃತವಾಗಿರುವುದಿಲ್ಲ, ವಿಂಡೋಸಿನ ಒಳಗಿನ ಫಂಕ್ಷನ್ನುಗಳನ್ನು ಕರೆಯುವ ಸಿಟೈಪ್ಸ್ ಹಿಡಿದು ಎಬ್ಬಿಸಬೇಕಾಗುತ್ತದೆ. ನಾನು ಸೋಮಾರಿ. ಏರಿಸಲು ರೆಗ್ ಲೋಡ್, ಇಳಿಸಲು ರೆಗ್ ಅನ್‌ಲೋಡ್ ಎಂದು ವಿಂಡೋಸಿನ ಸ್ವಂತ ಆಜ್ಞೆಗಳನ್ನೇ ಸಬ್‌ಪ್ರೊಸೆಸ್ ಮೂಲಕ ಕರೆದು, ನಡುವಿನ ಓದುಬರಹವನ್ನು ಮಾತ್ರ ವಿನ್‌ರೆಗ್‌ಗೆ ಬಿಟ್ಟೆ.

ಬರೆಯಬೇಕಾದದ್ದು ಹೆಚ್ಚೇನೂ ಇಲ್ಲ. ಕೀಬೋರ್ಡ್ ಲೇಔಟ್ ಎಂಬ ಕೀಯೊಳಗೆ (ಕೀ ಎಂದರೆ ರಿಜಿಸ್ಟ್ರಿಯ ಫೋಲ್ಡರಿನಂಥದ್ದು) ಪ್ರಿಲೋಡ್, ಅದರಲ್ಲಿ 1, 2 ಎಂಬ ಹೆಸರಿನ ಮೌಲ್ಯಗಳು. ಎರಡನೆಯದಕ್ಕೆ ಕನ್ನಡದ ಸಂಖ್ಯೆಯಾದ 0000044ಬಿ. ಇದು ನೋಡಲು ಹೆಕ್ಸ್ ಸಂಖ್ಯೆಯಂತಿದ್ದರೂ ಇರಬೇಕಾದದ್ದು ಆರ್‌ಇಜಿ ಎಸ್‌ಜೆಡ್, ಅಂದರೆ ಪಠ್ಯರೂಪದಲ್ಲಿ; ಮುಂದಿನ ಸೊನ್ನೆಗಳು ಅಲಂಕಾರಕ್ಕೆ ಇಟ್ಟವಲ್ಲ. ವಿಂಡೋಸ್ 8ರಿಂದ ಈಚೆಗೆ ಭಾಷೆಗಳ ಪಟ್ಟಿ ಕಂಟ್ರೋಲ್ ಪ್ಯಾನೆಲ್, ಇಂಟರ್‌ನ್ಯಾಷನಲ್, ಯೂಸರ್ ಪ್ರೊಫೈಲ್ ಎಂಬ ಇನ್ನೊಂದು ಕಡೆಯೂ ಇರುವುದರಿಂದ ಅಲ್ಲಿಯೂ ಲ್ಯಾಂಗ್ವೇಜಸ್ ಎಂಬ ಮಲ್ಟಿ ಎಸ್‌ಜೆಡ್ ಮೌಲ್ಯವನ್ನು ಬರೆದೆ. ಪೈಥಾನಿನಲ್ಲಿ ಅದಕ್ಕೆ ನೇರವಾಗಿ ಒಂದು ಲಿಸ್ಟ್ ಕೊಟ್ಟರೆ ಸಾಕು, ಸುಖವಾಗಿ ನುಂಗುತ್ತದೆ.

ಇಷ್ಟಾದ ಮೇಲೆ ಮೊದಲನೆಯ ಯಂತ್ರದಲ್ಲಿ ಸ್ಕ್ರಿಪ್ಟ್ ಓಡಿಸಿದೆ. ಏರಿತು, ಬರೆಯಿತು, ಇಳಿಸುವ ಸಾಲಿಗೆ ಬಂದು "ಆಕ್ಸೆಸ್ ಈಸ್ ಡಿನೈಡ್" ಎಂದಿತು. ಹೈವ್ ಏರಿದ ಸ್ಥಿತಿಯಲ್ಲೇ ಉಳಿಯಿತು. ಹಾಗೆ ಉಳಿದರೇನು ಎಂದು ಉಡಾಫೆ ಮಾಡಿ ಪರೀಕ್ಷೆಗೊಂದು ಹೊಸ ಖಾತೆ ತೆರೆದೆ. ಮೂಲ ಕಡತವನ್ನು ಬೇರೆಯವರು ಹಿಡಿದುಕೊಂಡಿರುವಾಗ ನಕಲಾಗುವುದಾದರೂ ಹೇಗೆ, ಯೂಸರ್ ಪ್ರೊಫೈಲ್ ಸರ್ವಿಸ್ ವಿಫಲವಾಯಿತೆಂದು ಹೇಳಿ ಖಾತೆಯನ್ನು ಹೊಸ್ತಿಲಿನಿಂದಲೇ ಹೊರಹಾಕಿತು. ಯಂತ್ರವನ್ನು ಮರುಚಾಲನೆ ಮಾಡಿದೆ, ಸ್ಕ್ರಿಪ್ಟನ್ನು ಮತ್ತೊಮ್ಮೆ ಓಡಿಸಿದೆ. ಈ ಸಲ ಹೈವ್ ಬೆಣ್ಣೆಯಂತೆ ಇಳಿಯಿತು! ಎರಡನೆಯ ಯಂತ್ರದಲ್ಲೂ ಇದೇ ನಾಟಕ: ಮೊದಲ ಓಟ ವಿಫಲ, ಮರುಚಾಲನೆಯ ನಂತರದ ಓಟ ಸಫಲ. ಹೀಗಿರುವಾಗ ಮನುಷ್ಯ ಏನು ತೀರ್ಮಾನಿಸುತ್ತಾನೆ? ಮರುಚಾಲನೆಯೇ ಮದ್ದು ಎಂದು ತೀರ್ಮಾನಿಸುತ್ತಾನೆ, ನಾನೂ ತೀರ್ಮಾನಿಸಿದೆ, ಸ್ಕ್ರಿಪ್ಟಿನ ತಲೆಯ ಮೇಲೆ "ಎರಡು ಬಾರಿ ಓಡಿಸತಕ್ಕದ್ದು" ಎಂದು ಟಿಪ್ಪಣಿಯನ್ನೂ ಬರೆದಿಟ್ಟೆ. ಈಗ ಅದನ್ನು ಓದಿದರೆ ನಾಚಿಕೆಯಾಗುತ್ತದೆ.

ಆದರೆ ಎರಡು ಯಂತ್ರ ಮುಗಿಸಿ, ಸ್ಕ್ರಿಪ್ಟಿಗೆ ಹೊಸದೊಂದು ಮೌಲ್ಯವನ್ನು ಸೇರಿಸಿ ಮೊದಲನೆಯದರಲ್ಲಿ ಓಡಿಸಿದಾಗ ತೊಂದರೆ ತಿರುಗಿ ಬಂತು. ಮತ್ತೆ ಮರುಚಾಲನೆ ಮಾಡಿದೆ, ಮತ್ತೆ ಹೋಯಿತು. ಆಂಟಿವೈರಸ್ಸಿನ ಮೇಲೆ ಸಂಶಯಪಟ್ಟು ಅದನ್ನು ನಿಲ್ಲಿಸಿದೆ. ರಿಜಿಸ್ಟ್ರಿಯನ್ನು ತೋರಿಸುವ ರೆಜೆಡಿಟ್ ತೆರೆದಿದ್ದರೆ ನಾವು ಆರಿಸಿದ ಕೀಯನ್ನು ಅದು ಹಿಡಿದುಕೊಂಡಿರುತ್ತದೆ ಎಂಬುದು ಗೊತ್ತಿದ್ದುದರಿಂದ ಅದನ್ನೂ ಮುಚ್ಚಿದೆ. ಸ್ಕ್ರಿಪ್ಟಿನಲ್ಲಿ ಇಳಿಸುವ ಮೊದಲು ಎರಡು ಸೆಕೆಂಡು ಕಾಯಿಸಿದೆ, ನಂತರ ಹತ್ತು, ಕೊನೆಗೆ ಅರವತ್ತು. ಅರವತ್ತು ಸೆಕೆಂಡು ಮುಗಿಯಲು ಎಷ್ಟು ಹೊತ್ತು ಬೇಕು ಎಂಬುದು ಕಪ್ಪು ಪರದೆಯ ಮುಂದೆ ಕುಳಿತವನಿಗೇ ಗೊತ್ತು. ಜಿಸಿ.ಕಲೆಕ್ಟ್ ಕರೆದು ಪೈಥಾನಿನ ಕಸ ಗುಡಿಸಿದೆ. ಏನೂ ಆಗಲಿಲ್ಲ.

ಇಲ್ಲಿ ಒಂದು ಮಾತು. ಹೈವ್ ಎಂದರೆ ಜೇನುಪೆಟ್ಟಿಗೆ ತಾನೇ, ನಮ್ಮ ಪಕ್ಕದ ಮನೆಯ ಮಾವ ಹಿತ್ತಲಲ್ಲಿ ಎಂಟು ತುಡುವೆ ಪೆಟ್ಟಿಗೆಗಳನ್ನು ಇಟ್ಟುಕೊಂಡಿದ್ದಾರೆ. ಪೆಟ್ಟಿಗೆ ಇಳಿಯುತ್ತಿಲ್ಲ ಎಂದು ನಾನು ಗೊಣಗಿದ್ದನ್ನು ಕೇಳಿಸಿಕೊಂಡ ಅವರು, ನಾನು ಅವರ ಕಸುಬಿನ ಬಗ್ಗೆಯೇ ಮಾತನಾಡುತ್ತಿದ್ದೇನೆಂದು ತಿಳಿದು, "ಪೆಟ್ಗೆ ಎತ್ತವು ಅಂದ್ರೆ ಕತ್ಲಾಗವು, ತಮಾ" ಎಂದು ಗಂಭೀರವಾಗಿ ಸಲಹೆ ಕೊಟ್ಟರು. ಮೇಯಲು ಹೋದ ಹುಳಗಳೆಲ್ಲ ಮರಳಿ ಒಳಸೇರಿದ ಮೇಲಷ್ಟೇ ಪೆಟ್ಟಿಗೆಯನ್ನು ಸ್ಥಳಾಂತರಿಸಬೇಕಂತೆ. ನಾನು ನಕ್ಕು ಸುಮ್ಮನಾದೆ, ಏಕೆಂದರೆ ನಾನು ಎತ್ತುತ್ತಿದ್ದದ್ದೂ ಕತ್ತಲಾದ ಮೇಲೆಯೇ.

ಸುಳಿವು ಸಿಕ್ಕಿದ್ದು ಸಿಟ್ಟಿನಲ್ಲಿ. ಸ್ಕ್ರಿಪ್ಟ್ ಮತ್ತೊಮ್ಮೆ ಸೋತು ಹೊರಬಿದ್ದ ಮೇಲೆ, ಮರುಚಾಲನೆಗೆ ಬೇಸತ್ತು, ಅದೇ ಕಪ್ಪು ಕಿಟಕಿಯಲ್ಲಿ ರೆಗ್ ಅನ್‌ಲೋಡ್ ಆಜ್ಞೆಯನ್ನು ಕೈಯಾರೆ ಟೈಪ್ ಮಾಡಿದೆ. ತಕ್ಷಣ ಇಳಿಯಿತು. ಸ್ಕ್ರಿಪ್ಟಿನೊಳಗಿನಿಂದ ಅರವತ್ತು ಸೆಕೆಂಡು ಕಾದರೂ ಇಳಿಯದ್ದು ಹೊರಗಿನಿಂದ ಮರುಕ್ಷಣವೇ ಇಳಿಯುತ್ತದೆಯೆಂದರೆ ಪ್ರಶ್ನೆ ಸಮಯದ್ದಲ್ಲ. ಹಿಡಿದುಕೊಂಡವನು ಸ್ಕ್ರಿಪ್ಟೇ, ಅವನು ಸತ್ತ ಮೇಲೆ ಹಿಡಿತ ತಪ್ಪುತ್ತದೆ. ಮುಂದಿನ ಓಟದಲ್ಲಿ ಆ ಅರವತ್ತು ಸೆಕೆಂಡುಗಳ ನಿದ್ದೆಯ ನಡುವೆ, ಯಾವ ಪ್ರೋಗ್ರಾಮ್ ಏನನ್ನು ಹಿಡಿದುಕೊಂಡಿದೆ ಎಂದು ತೋರಿಸುವ ಪ್ರೊಸೆಸ್ ಎಕ್ಸ್‌ಪ್ಲೋರರ್ ತೆರೆದು, ಕಂಟ್ರೋಲ್ ಎಫ್ ಒತ್ತಿ, ನಾನಿಟ್ಟಿದ್ದ ತಾತ್ಕಾಲಿಕ ಹೆಸರನ್ನು ಹುಡುಕಿದೆ. ಒಂದೇ ಒಂದು ಸಾಲು ಬಂತು: ಪೈಥಾನ್.ಎಕ್ಸ್‌ಇ, ಅದರ ಕೈಯಲ್ಲಿ ಪ್ರಿಲೋಡ್ ಕೀಯ ಹ್ಯಾಂಡಲ್, ಅಂದರೆ ತೆರೆದ ಕೀಯ ಹಿಡಿಕೆ. ಮಾವನ ಲೆಕ್ಕದಲ್ಲಿ ಹೇಳುವುದಾದರೆ ಒಂದೇ ಒಂದು ಹುಳ ಹೊರಗುಳಿದಿತ್ತು.

ಆದರೆ ಏಕೆ? ಕೀ ತೆರೆದ ಪ್ರತಿ ಫಂಕ್ಷನ್ನಿನ ಕೊನೆಯಲ್ಲೂ ಕ್ಲೋಸ್ ಇತ್ತು. ಅದು ತಪ್ಪಿದರೂ ಫಂಕ್ಷನ್ ಮುಗಿದೊಡನೆ ಹ್ಯಾಂಡಲ್ ಹಿಡಿದಿದ್ದ ವೇರಿಯಬಲ್ ಅಳಿದು, ಅದರೊಂದಿಗೆ ಹ್ಯಾಂಡಲ್ಲೂ ತಾನಾಗಿ ಮುಚ್ಚಿಕೊಳ್ಳಬೇಕು; ಸಿಪೈಥಾನಿನಲ್ಲಿ, ಅಂದರೆ ಸಾಮಾನ್ಯವಾಗಿ ಎಲ್ಲರೂ ಬಳಸುವ ಪೈಥಾನಿನಲ್ಲಿ, ಒಂದು ವಸ್ತುವನ್ನು ಎಷ್ಟು ಕಡೆ ಹಿಡಿದುಕೊಳ್ಳಲಾಗಿದೆ ಎಂಬ ರೆಫರೆನ್ಸ್ ಎಣಿಕೆ ಇರುವುದೇ ಅದಕ್ಕೆ. ಇಲ್ಲಿಗೆ ಬಂದು ನಾನು ಇನ್ನೂ ಎರಡು ರಾತ್ರಿ ನಿಂತೆ.

ಉತ್ತರ ನನ್ನ ಹೆಮ್ಮೆಯ ಲಾಗಿನಲ್ಲಿತ್ತು. ಬರೆಯುವ ಮೊದಲು ಹಳೆಯ ಮೌಲ್ಯ ಏನಿತ್ತೆಂದು ಓದಿ ದಾಖಲಿಸುವುದು ನನ್ನ ರೂಢಿ. ಹೊಸ ವಿಂಡೋಸಿನ ಮೂಲ ಹೈವಿನಲ್ಲಿ ಪ್ರಿಲೋಡ್ ಅಡಿಯಲ್ಲಿ 1 ಮಾತ್ರ ಇತ್ತು, 2 ಇರಲಿಲ್ಲ. ಇಲ್ಲದ್ದನ್ನು ಕ್ವೆರಿವ್ಯಾಲ್ಯೂಎಕ್ಸ್ ಕೇಳಿದಾಗ ಫೈಲ್‌ನಾಟ್‌ಫೌಂಡ್‌ಎರರ್ ಎಂಬ ಎಕ್ಸೆಪ್ಷನ್, ಅಂದರೆ ದೋಷದ ಸೂಚನೆ, ಎದ್ದಿತು, ಎದ್ದ ರಭಸಕ್ಕೆ ಕೆಳಗಿನ ಕ್ಲೋಸ್ ಸಾಲಿಗೆ ಸರದಿಯೇ ಬರಲಿಲ್ಲ. ಕರೆದ ಫಂಕ್ಷನ್ ಅದನ್ನು ಹಿಡಿದು, ಕೊನೆಯಲ್ಲಿ ವರದಿ ಮುದ್ರಿಸಲೆಂದು, ಆ ಎಕ್ಸೆಪ್ಷನ್ ವಸ್ತುವನ್ನು ಇದ್ದ ಹಾಗೆಯೇ ದೋಷಗಳ ಪಟ್ಟಿಗೆ ಸೇರಿಸಿತು. ಪೈಥಾನ್ 3ರಲ್ಲಿ ಎಕ್ಸೆಪ್ಷನ್ ಒಂಟಿಯಾಗಿ ಬರುವುದಿಲ್ಲ. ಅದರ ಬಾಲಕ್ಕೆ ದೋಷ ಎಲ್ಲಿ ಎದ್ದಿತೆಂದು ಹೇಳುವ ಟ್ರೇಸ್‌ಬ್ಯಾಕ್, ಟ್ರೇಸ್‌ಬ್ಯಾಕಿನ ಬಾಲಕ್ಕೆ ಸೋತ ಫಂಕ್ಷನ್ನಿನ ಫ್ರೇಮ್, ಫ್ರೇಮಿನ ಹೊಟ್ಟೆಯಲ್ಲಿ ಆ ಫಂಕ್ಷನ್ನಿನ ಎಲ್ಲ ವೇರಿಯಬಲ್‌ಗಳು, ಅವುಗಳಲ್ಲಿ ಒಂದು ನನ್ನ ತೆರೆದ ಹ್ಯಾಂಡಲ್. ಪಟ್ಟಿ ಬದುಕಿರುವವರೆಗೆ ಹ್ಯಾಂಡಲ್ಲಿಗೂ ಆಯುಷ್ಯ. ಕಸ ಗುಡಿಸುವವನು ಬಂದು ಏನು ಮಾಡಿಯಾನು, ಇದು ಕಸವಲ್ಲ, ಜೋಪಾನವಾಗಿ ಕಪಾಟಿನಲ್ಲಿಟ್ಟ ವಸ್ತು!

ಮರುಚಾಲನೆಯ ಮಾಯೆಯೂ ಇಲ್ಲಿಗೆ ಬಿಚ್ಚಿಕೊಂಡಿತು. ಇಳಿಸುವಲ್ಲಿ ಸೋತರೂ ಮೊದಲ ಓಟ 2 ಎಂಬ ಮೌಲ್ಯವನ್ನು ಬರೆದು ಮುಗಿಸಿರುತ್ತಿತ್ತು. ಎರಡನೆಯ ಓಟದಲ್ಲಿ ಅದು ಅಲ್ಲಿಯೇ ಇರುವುದರಿಂದ ಎಕ್ಸೆಪ್ಷನ್ ಏಳುತ್ತಿರಲಿಲ್ಲ, ಕ್ಲೋಸ್ ತನ್ನ ಸರದಿ ಪಡೆಯುತ್ತಿತ್ತು, ಹೈವ್ ಇಳಿಯುತ್ತಿತ್ತು. ಮರುಚಾಲನೆ ಮಾಡಿದ್ದು ಏರಿ ಕುಳಿತಿದ್ದ ಹಳೆಯ ಹೈವನ್ನು ಇಳಿಸುವ ಕೆಲಸವನ್ನಷ್ಟೇ.

ಮೊದಲ ತಿದ್ದುಪಡಿ: ಓಪನ್‌ಕೀಯನ್ನು ವಿತ್ ಹೇಳಿಕೆಯೊಳಗೆ ಇಟ್ಟೆ, ಎಕ್ಸೆಪ್ಷನ್ ಎದ್ದರೂ ಏಳದಿದ್ದರೂ ಹ್ಯಾಂಡಲ್ ಮುಚ್ಚಿಕೊಳ್ಳುತ್ತದೆ. ಎರಡನೆಯದು: ಪಟ್ಟಿಗೆ ಎಕ್ಸೆಪ್ಷನ್ನಿನ ಬದಲು ಅದರ ಪಠ್ಯವನ್ನು ಮಾತ್ರ ಸೇರಿಸಿದೆ. ಮೊದಲನೆಯದೊಂದೇ ಸಾಕಾಗಿತ್ತು, ಎರಡನೆಯದನ್ನು ಸೇಡಿಗಾಗಿ ಮಾಡಿದೆ. ವಿತ್ ಬಳಸಬೇಕೆಂದು ಮೊದಲ ಪಾಠದಲ್ಲೇ ಹೇಳಿಕೊಟ್ಟಿರುತ್ತಾರೆ ಎಂದು ಯಾರೂ ನನಗೆ ನೆನಪಿಸುವ ಅಗತ್ಯವಿಲ್ಲ. ಕಡತಗಳಿಗೆ ಬಳಸುತ್ತೇನೆ. ರಿಜಿಸ್ಟ್ರಿ ಕೀಗಳೂ ಆ ಜಾತಿಗೆ ಸೇರಿದವು ಎಂಬುದು ಕೈಬೆರಳಿಗೆ ಇಳಿದಿರಲಿಲ್ಲ.

ಇಷ್ಟೆಲ್ಲ ಮಾಡಿ ಕೊಟ್ಟದ್ದು ವಿಂಡೋಸಿನಲ್ಲೇ ಇರುವ, ಭಾರತೀಯ ಭಾಷೆಗಳ ಪ್ರಮಾಣಿತ ವಿನ್ಯಾಸವಾದ ಇನ್‌ಸ್ಕ್ರಿಪ್ಟ್ ಕೀಲಿಮಣೆಯನ್ನು. ಮಕ್ಕಳು ಬೇಗ ಕಲಿಯುತ್ತಾರೆ. ಆದರೆ ಓದುಕೊಠಡಿಗೆ ಬರುವ ನಿವೃತ್ತ ಮೇಷ್ಟ್ರುಗಳ ಬೆರಳುಗಳು ಉಚ್ಚಾರಣೆಯನ್ನು ಅನುಸರಿಸುವ ಕೆ. ಪಿ. ರಾವ್ ಕೀಲಿಮಣೆ ವಿನ್ಯಾಸಕ್ಕೆ ಒಗ್ಗಿದವು, ಅವರಿಗೆ ಇನ್‌ಸ್ಕ್ರಿಪ್ಟ್ ಎಂದರೆ ಪರರಾಜ್ಯ. ಆದ್ದರಿಂದ ಮುಂದಿನ ಯೋಜನೆ ಈಗಲೇ ತಲೆಯಲ್ಲಿ ಮೊಳೆತಿದೆ: ಮೈಕ್ರೋಸಾಫ್ಟಿನ ಕೀಬೋರ್ಡ್ ಲೇಔಟ್ ಕ್ರಿಯೇಟರ್‌ನಲ್ಲಿ ರಾವ್ ಅವರ ವಿನ್ಯಾಸಕ್ಕೆ ಹತ್ತಿರದ ಒಂದು ಕೀಲಿಮಣೆ ಕಟ್ಟುವುದು. ಅಂಥ ಸ್ವಂತ ಕೀಲಿಮಣೆಗಳಿಗೆ ವಿಂಡೋಸ್ ಎ000044ಬಿ ಎಂಬಂತೆ ಎ ಅಕ್ಷರದಿಂದ ಶುರುವಾಗುವ ಸಂಖ್ಯೆ ಕೊಡುತ್ತದೆ, ನನ್ನ ಸ್ಕ್ರಿಪ್ಟಿನಲ್ಲೂ ಆ ಪಠ್ಯ ಬದಲಾಗಬೇಕು. ಒತ್ತಕ್ಷರಗಳನ್ನು ಆ ಉಪಕರಣದ ಮಿತಿಯೊಳಗೆ ಹೇಗೆ ಕೂರಿಸುವುದೆಂದು ಅಡಿಕೆ ಸುಲಿಯುತ್ತಾ ಯೋಚಿಸಬಹುದು, ಮನೆಯವರಿಗೂ ಸಮಾಧಾನ.

ಆರನೆಯ ಯಂತ್ರದ ವಿಷಯ ಕೇಳಬೇಡಿ. ಆರು ಎಸ್‌ಎಸ್‌ಡಿಗಳಿಗೆ ಹಣ ಕೊಟ್ಟಿದ್ದೆವು, ಡಬ್ಬಿಯಲ್ಲಿ ಬಂದದ್ದು ನಮಗೆ ಬೇಕಾದ ಸಾಟಾ ಬಗೆಯವು ಐದು, ಬೇರೆಯೇ ಬಗೆಯ ಎಂ.2 ಒಂದು. ನಮ್ಮ ಮದರ್‌ಬೋರ್ಡಿನಲ್ಲಿ ಅದನ್ನು ತುರುಕಲು ಜಾಗವೇ ಇಲ್ಲ ಎಂದು ಮಾರಿದವರಿಗೆ ಫೋನಿನಲ್ಲಿ ಹೇಳಿದರೆ, ಇದು ಅದಕ್ಕಿಂತ ವೇಗ ಸರ್ ಎಂಬ ಉತ್ತರ ಬಂತು. ಬದಲಿ ಡಿಸ್ಕ್ ಸೋಮವಾರ ಬಸ್ಸಿಗೆ ಹಾಕುತ್ತೇನೆ ಎಂದಿದ್ದಾರೆ. ಇದು ಮೂರನೆಯ ಸೋಮವಾರ.