ಮಂಡಲ ಪಂಚಾಯ್ತಿ ಅಂತ ಒಂದಿತ್ತು

ನಮ್ಮೂರ ಹಿರೀಕರು ಇವತ್ತಿಗೂ ಗ್ರಾಮ ಪಂಚಾಯ್ತಿ ಆಫೀಸಿಗೆ 'ಮಂಡ್ಲ ಪಂಚಾಯ್ತಿ' ಅಂತಾನೇ ಅನ್ನೋದು. ನಮ್ಮ ದೊಡ್ಡಪ್ಪ ಆಗ ಮೆಂಬರ್ ಆಗಿದ್ರು. ಅವರ ಜೊತೆ ಕೂತ್ರೆ ಮಾತು ಮಳೆಯಿಂದ ಶುರುವಾಗ್ಲಿ, ಮದುವೆಯಿಂದ ಶುರುವಾಗ್ಲಿ, 87ರ ಎಲೆಕ್ಷನ್‌ಗೆ ಬರ್ದೇ ಮುಗಿಯಲ್ಲ.

ರಾಮಕೃಷ್ಣ ಹೆಗಡೆ ಸರ್ಕಾರ 1983ರಲ್ಲಿ ಹಳ್ಳಿಗಳಿಗೆ ಮಂಡಲ ಪಂಚಾಯ್ತಿ, ಜಿಲ್ಲೆಗೆ ಜಿಲ್ಲಾ ಪರಿಷತ್ ಅಂತ ಕಾಯ್ದೆ ಮಾಡ್ತು, ರಾಷ್ಟ್ರಪತಿ ಅಂಕಿತ ಬೀಳೋಕೆ 1985 ಆಯ್ತು, ಚುನಾವಣೆ ನಡೆದಿದ್ದು 1987ರ ಜನವರೀಲಿ. ಅದರ ಹಿಂದೆ ಬಿದ್ದು ಮಾಡಿಸಿದ್ದು ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬ್ರು, ಊರೂರಿಗೆ ಬೋರ್‌ವೆಲ್ ಹಾಕಿಸಿ 'ನೀರ್ ಸಾಬ್' ಅನ್ನಿಸ್ಕೊಂಡೋರು. ಒಂದು ಮಂಡಲಕ್ಕೆ ಸುಮಾರು 8ರಿಂದ 12 ಸಾವಿರ ಜನ, 400 ಜನಕ್ಕೊಬ್ಬ ಮೆಂಬರ್. 400 ಜನ ಅಂದ್ರೆ ಎಷ್ಟು, ಒಂದೆರಡು ಬೀದಿ ಅಷ್ಟೇ, ಬೋರ್‌ವೆಲ್ ಕೆಟ್ರೆ ಬೆಳಗಾಗೋದ್ರೊಳಗೆ ಹೆಂಗಸ್ರು ಕೊಡ ಹಿಡ್ಕೊಂಡು ಮನೆ ಬಾಗಿಲಿಗೇ ಬರೋರಂತೆ, ತಪ್ಪಿಸ್ಕೊಳ್ಳೋಕೆ ಜಾಗಾನೇ ಇರ್ಲಿಲ್ಲ ಅಂತಾರೆ ದೊಡ್ಡಪ್ಪ. ಹೆಂಗಸ್ರಿಗೆ ನೂರಕ್ಕೆ 25 ಸೀಟು ಮೀಸಲು, ಅದೂ ದೇಶಕ್ಕೆಲ್ಲಾ ಪಂಚಾಯ್ತೀಲಿ ಹೆಂಗಸ್ರ ಮೀಸಲು ತಂದ ಸಂವಿಧಾನದ 73ನೇ ತಿದ್ದುಪಡಿ ಬರೋಕೆ ಎಷ್ಟೋ ವರ್ಷ ಮುಂಚೆ! ಇದನ್ನ ನಾವು ಶಾಲೇಲಿ ಓದ್ಲೇ ಇಲ್ಲ ಅನ್ನೋದು ನಂಗೆ ಈಗ್ಲೂ ಬೇಜಾರು.

ಆದ್ರೆ ನಂಗೆ ತುಂಬಾ ಇಷ್ಟ ಆಗೋದು ಮೇಲಿನ ಹಂತ. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ, ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿ ಅಂತ ಐಎಎಸ್ ಅಧಿಕಾರಿ, ಅವರು ಡಿಸಿಗಿಂತ ಸೀನಿಯರ್. ಬ್ರಿಟಿಷರ ಕಾಲದಿಂದ ಜಿಲ್ಲೆಗೆಲ್ಲಾ ಕಲೆಕ್ಟ್ರೇ ದೊರೆ ಅಂದ್ಕೊಂಡಿದ್ದ ಜನಕ್ಕೆ, ನಾವು ಓಟು ಹಾಕಿ ಕಳಿಸಿದೋರ ಕೆಳಗೆ ಅಂಥಾ ದೊಡ್ಡ ಆಫೀಸರ್ ಕೆಲಸ ಮಾಡ್ತಾರೆ ಅನ್ನೋದು ಎಂಥಾ ಮಾತು ನೋಡಿ.

ಕೊರತೆ ಇರ್ಲಿಲ್ಲ ಅಂತಲ್ಲ. ತಾಲ್ಲೂಕಿಗೆ ನೇರ ಚುನಾವಣೆ ಇರ್ಲಿಲ್ಲ, ಶಾಸಕರೇ ಅಧ್ಯಕ್ಷರಾಗಿರೋ ಪಂಚಾಯತ್ ಸಮಿತಿ ಇತ್ತು ಅಷ್ಟೇ. ಊರ ಸಣ್ಣಪುಟ್ಟ ವ್ಯಾಜ್ಯ ತೀರಿಸ್ಬೇಕಿದ್ದ ನ್ಯಾಯ ಪಂಚಾಯ್ತಿ ಬರೀ ಕಾಯ್ದೆಯ ಹೆಸರಲ್ಲೇ ಉಳ್ಕೊಳ್ತು.

1988ರಲ್ಲಿ ನಜೀರ್ ಸಾಬ್ರು ಕ್ಯಾನ್ಸರ್‌ನಿಂದ ತೀರ್ಕೊಂಡ್ರು. 1992ರಲ್ಲಿ ಅವಧಿ ಮುಗೀತು, ಎಲೆಕ್ಷನ್ ಬದ್ಲು ಆಡಳಿತಾಧಿಕಾರಿಗಳು ಬಂದು ಕೂತ್ರು. ಆಮೇಲೆ 1993ರ ಹೊಸ ಕಾಯ್ದೆ, ಮಂಡಲ ಒಡೆದು 5ರಿಂದ 7 ಸಾವಿರ ಜನದ ಗ್ರಾಮ ಪಂಚಾಯ್ತಿ ಆಯ್ತು, ಮಂಡಲದ ಮುಖ್ಯಸ್ಥರಾಗಿದ್ದ 'ಪ್ರಧಾನ್ರು' ಹೋಗಿ 'ಅಧ್ಯಕ್ಷರು' ಬಂದ್ರು. ಹೆಂಗಸ್ರ ಪಾಲು ಮೂರನೇ ಒಂದು ಭಾಗಕ್ಕೇರ್ತು, ತಾಲ್ಲೂಕಿಗೂ ಚುನಾವಣೆ ಬಂತು, ಅದು ನಿಜವಾಗ್ಲೂ ಒಳ್ಳೇದೇ.

ಆದ್ರೂ 2021ರಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಲೆ ಚುನಾವಣೇನೇ ಇಲ್ದೆ ಮತ್ತೆ ಆಡಳಿತಾಧಿಕಾರಿಗಳೇ ಬಂದಾಗ ದೊಡ್ಡಪ್ಪ ಪೇಪರ್ ಮಡಿಸಿಟ್ಟು, "92ರಲ್ಲೂ ಹಿಂಗೇ ಮಾಡಿದ್ರು ಕಣೋ" ಅಂದ್ರು. ಅವತ್ತು ಇಡೀ ಸಂಜೆ ಅವರು ಮತ್ತೆ ಮಾತಾಡ್ಲಿಲ್ಲ.