ಮ್ಯಾಶ್ ಟನ್ನಿನ ಸೋಸುತಟ್ಟೆ: ಕೆಲಸ ಎಲ್ಲಿಗೆ ಬಂತು

ಬಿಯರ್ ಮಾಡಲು ಅರೆದ ಮಾಲ್ಟನ್ನು (ಮೊಳಕೆ ಬರಿಸಿ ಒಣಗಿಸಿದ ಕಾಳು) ಬಿಸಿನೀರಿನಲ್ಲಿ ಕಲಸಿಡುವುದು ಮ್ಯಾಶ್, ಅದನ್ನು ಇಟ್ಟು ಸಿಹಿ ರಸ ಬಸಿಯುವ ಪಾತ್ರೆ ಮ್ಯಾಶ್ ಟನ್. ನನ್ನದರಲ್ಲಿ ಸೋಸಲು ಇದ್ದ ಹೆಣೆದ ಸ್ಟೀಲ್ ಬಲೆಯನ್ನು ಈ ವಾರ ಕಳಚಿ ಪಕ್ಕಕ್ಕಿಟ್ಟೆ. ಅದರ ಜಾಗದಲ್ಲಿ ಈಗ ತೂತು ತಟ್ಟೆ ಕೂತಿದೆ. ಪಾತ್ರೆಯ ಹೊರಮೈಗೆ ಆತುಕೊಂಡು ಒಂದು ಪಾರದರ್ಶಕ ಕೊಳವೆಯೂ ನಿಂತಿದೆ. ಐದು ಕಿಲೋ ಮಾಲ್ಟಿನ ಮ್ಯಾಶ್ ಎಲ್ಲೂ ಕಟ್ಟಿಕೊಳ್ಳದೆ ಕೊನೆಯವರೆಗೆ ಇಳಿಯಿತು.

ಬಲೆಯ ಬಗ್ಗೆ ನನಗೆ ದೂರಿಲ್ಲ. ನೀರಿನ ಬಾಗುವ ಪೈಪಿನ ಹೊರಗವಸನ್ನು ಬಿಡಿಸಿ, ಒಳಗಿನ ರಬ್ಬರ್ ಎಳೆದು ತೆಗೆದು, ಕಾಳಿನ ಭಾರಕ್ಕೆ ಅಪ್ಪಚ್ಚಿಯಾಗದಂತೆ ಸ್ಟೀಲ್ ತಂತಿಯ ಸುರುಳಿ ತೂರಿಸಿ, ಅರ್ಧ ಇಂಚಿನ ಬಾಲ್ ವಾಲ್ವಿಗೆ ಬಿಗಿದರೆ ಮುಗಿಯಿತು. ಕಾಳಿನಲ್ಲಿ ಉಳಿದ ಸಕ್ಕರೆಯನ್ನು ಬಿಸಿನೀರಿನಿಂದ ತೊಳೆದಿಳಿಸುವುದು ಸ್ಪಾರ್ಜ್. ಬಿಸಿನೀರನ್ನು ಒಟ್ಟಿಗೆ ಸುರಿದು, ಚೆನ್ನಾಗಿ ಕಲಕಿ, ಪೂರ್ತಿ ಬಸಿಯುವ ಬ್ಯಾಚ್ ಸ್ಪಾರ್ಜ್ ಮಾಡುವವರಿಗೆ ಇದಕ್ಕಿಂತ ಹೆಚ್ಚಿನದೇನೂ ಬೇಡ. ಕಲಕಿದಾಗ ಸಕ್ಕರೆ ಎಲ್ಲೆಡೆ ಸಮನಾಗುತ್ತದೆ, ಎಲ್ಲಿಂದ ಬಸಿದರೂ ಒಂದೇ. ನಾನು ಮಾಡುವುದು ಫ್ಲೈ ಸ್ಪಾರ್ಜ್: ಕೆಳಗೆ ಎಷ್ಟು ಇಳಿಯುತ್ತದೋ ಅಷ್ಟೇ ನೀರನ್ನು ಮೇಲಿಂದ ಚಿಮುಕಿಸುತ್ತಾ ಹೋಗುವುದು. ಆಗ ನೀರು ಬಲೆಗೆ ಹತ್ತಿರದ ದಾರಿಯನ್ನೇ ಹಿಡಿಯುತ್ತದೆ. ಬಸಿದಾದ ಮೇಲೆ ಬಲೆಯ ನೇರ ಮೇಲಿದ್ದ ಕಾಳನ್ನೂ ಅಂಚಿನ ಕಾಳನ್ನೂ ಬೇರೆ ಬೇರೆ ಹಿಂಡಿ, ರಸದ ಸಕ್ಕರೆ ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲಿ ನೋಡಿದರೆ, ಅಂಚಿನದ್ದರಲ್ಲಿ ಎದ್ದು ಕಾಣುವಷ್ಟು ಸಕ್ಕರೆ ಉಳಿದಿತ್ತು. ಕುದಿಯುವ ಪಾತ್ರೆಗೆ ಬರಬೇಕಾದ ಸಿಹಿ ಅದು. ತಟ್ಟೆಯತ್ತ ಹೊರಳಿದ್ದು ಈ ಕಾರಣಕ್ಕೆ.

ನಿಜವಾಗಿ ಸೋಸುವುದು ಲೋಹವಲ್ಲ, ಬಾರ್ಲಿಯ ಸಿಪ್ಪೆ. ತಟ್ಟೆ ಮಾಡಬೇಕಾದದ್ದು ಆ ಸಿಪ್ಪೆಯ ಹಾಸನ್ನು ಹೊತ್ತು ನಿಲ್ಲುವುದು, ಅದರ ಅಡಿಯ ಎಲ್ಲಾ ಭಾಗದಿಂದ ವರ್ಟನ್ನು, ಅಂದರೆ ಬಸಿದು ಬರುವ ಸಿಹಿ ರಸವನ್ನು, ಸಮನಾಗಿ ಎಳೆಯುವುದು. ಕಣ್ಣು ಸಣ್ಣದಾದಷ್ಟೂ ವರ್ಟ್ ತಿಳಿಯಾಗುತ್ತದೆ ಅನ್ನಿಸುವುದು ಸಹಜ. ಆದರೆ ತೀರಾ ಸಣ್ಣ ಕಣ್ಣಿನ ಮೇಲೆ ಹಿಟ್ಟು ಮೆತ್ತಿಕೊಂಡು ಹರಿವೇ ನಿಂತುಬಿಡುತ್ತದೆ. ನಾನು ಆರಿಸಿದ್ದು 304 ದರ್ಜೆಯ ಸ್ಟೀಲ್ ಹಾಳೆ. ತೂತು 2 ಮಿ.ಮೀ., ಒಂದು ತೂತಿನ ನಡುವಿನಿಂದ ಇನ್ನೊಂದರ ನಡುವಿಗೆ 3.5 ಮಿ.ಮೀ. ತ್ರಿಕೋನ ಜೋಡಣೆಯಲ್ಲಿ ಈ ಲೆಕ್ಕಕ್ಕೆ ತಟ್ಟೆಯ ಸುಮಾರು ಶೇ. 30ರಷ್ಟು ಭಾಗ ತೆರೆದಿರುತ್ತದೆ. ಮೊದಲು ಬರುವ ಮಬ್ಬು ವರ್ಟನ್ನು ಜಗ್ಗಿನಲ್ಲಿ ಹಿಡಿದು ಮೆಲ್ಲಗೆ ಮೇಲಕ್ಕೆ ಸುರಿಯುತ್ತಿದ್ದರೆ ಹಾಸು ಕೂತು ತಿಳಿ ಬರತೊಡಗುತ್ತದೆ.

ಅಂಚಿನ ಸಂದು ತೂತಿನ ಅಳತೆಗಿಂತ ಹೆಚ್ಚು ಗಮನ ಬೇಡಿತು. ಅಲ್ಲಿ ಸಂದು ಬಿಟ್ಟರೆ ನೀರು ಪಾತ್ರೆಯ ಗೋಡೆ ಹಿಡಿದು ಹಾಸನ್ನು ಮುಟ್ಟದೆಯೇ ಕೆಳಗಿಳಿಯುತ್ತದೆ, ಜೊತೆಗೆ ನುಚ್ಚನ್ನೂ ಒಯ್ಯುತ್ತದೆ. ಸಿಲಿಕೋನ್ ಕೊಳವೆಯನ್ನು ಉದ್ದಕ್ಕೆ ಸೀಳಿ ತಟ್ಟೆಯ ಸುತ್ತ ತೊಡಿಸಿದೆ, ಬಿಗಿಯಾಗಿ ಕೂತಿದೆ. ಸ್ಟೀಲ್ ಬೋಲ್ಟುಗಳ ಕಾಲಿನ ಮೇಲೆ ತಟ್ಟೆ ತಳದಿಂದ 2 ಸೆಂ.ಮೀ. ಎತ್ತರದಲ್ಲಿದೆ. 35 ಸೆಂ.ಮೀ. ಅಗಲದ ಪಾತ್ರೆಯಲ್ಲಿ ಇದು ಹತ್ತಿರ ಹತ್ತಿರ 1.9 ಲೀಟರಿನ ಜಾಗ, ನೀರಿನ ಲೆಕ್ಕದಲ್ಲಿ ಇದನ್ನೂ ಸೇರಿಸಿಕೊಳ್ಳಬೇಕು. ವರ್ಟ್ ಎಳೆಯುವ ನಳಿಕೆಯನ್ನು ತಳದ ಹತ್ತಿರಕ್ಕೆ ಬಗ್ಗಿಸಿರುವುದರಿಂದ ಕೊನೆಗೆ ಉಳಿಯುವುದು ಸ್ವಲ್ಪವೇ.

ಈಗ ಆ ಪಾರದರ್ಶಕ ಕೊಳವೆ. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ಇದೇ. ತಟ್ಟೆಯ ಕೆಳಗಿನ ಜಾಗಕ್ಕೆ ಬೇರೆಯದೇ ತೂತು ಕೊರೆದು ಕೊಳವೆಯನ್ನು ಅಲ್ಲಿಂದ ಮೇಲಕ್ಕೆ ನಿಲ್ಲಿಸಿದ್ದೇನೆ, ಅದರ ಮೇಲ್ಬಾಯಿ ತೆರೆದೇ ಇರುತ್ತದೆ. ವಾಲ್ವ್ ಮುಚ್ಚಿದ್ದಾಗ ಕೊಳವೆಯ ಮಟ್ಟವೂ ಪಾತ್ರೆಯ ಮಟ್ಟವೂ ಒಂದೇ. ವಾಲ್ವ್ ತೆರೆದೊಡನೆ ಕೊಳವೆಯ ಮಟ್ಟ ಇಳಿಯುತ್ತದೆ. ಎಷ್ಟು ಇಳಿಯಿತೋ ಅಷ್ಟು ಒತ್ತಡ ಹಾಸಿನ ಮೇಲೆ ಬಿದ್ದಿದೆ ಎಂದರ್ಥ. ಒತ್ತಡ ಹೆಚ್ಚಿದರೆ ಹಾಸು ಕುಗ್ಗುತ್ತದೆ, ಕುಗ್ಗಿದಷ್ಟೂ ದಾರಿ ಕಿರಿದಾಗುತ್ತದೆ, ಕಡೆಗೆ ಪೂರ್ತಿ ಕಟ್ಟಿಕೊಳ್ಳುತ್ತದೆ. ಹರಿವು ಸಣ್ಣಗಾಯಿತೆಂದು ವಾಲ್ವನ್ನು ಇನ್ನಷ್ಟು ತಿರುವಲು ಕೈ ಮುಂದಾಗುತ್ತದೆ. ಬೇಕಾದ್ದು ಅದರ ತದ್ವಿರುದ್ಧ, ವಾಲ್ವನ್ನು ತಗ್ಗಿಸಿ ಹಾಸಿಗೆ ಬಿಡುವು ಕೊಡುವುದು. ನನ್ನ ಪಾತ್ರೆಗೆ ವ್ಯತ್ಯಾಸ 5 ಸೆಂ.ಮೀ. ದಾಟಬಾರದು ಎಂದು ಗೆರೆ ಹಾಕಿಕೊಂಡಿದ್ದೇನೆ. ದಾಟಿದರೆ ವಾಲ್ವ್ ಮುಚ್ಚಿ, ತಟ್ಟೆಗೆ ತಾಗದಂತೆ ಹಾಸಿನ ಮೇಲ್ಭಾಗವನ್ನು ಚಾಕುವಿನಿಂದ ಗೀರುತ್ತೇನೆ. ಅದಕ್ಕೂ ಬಗ್ಗದಿದ್ದರೆ ಹೊರದಾರಿಯಿಂದಲೇ ಬಿಸಿನೀರನ್ನು ಮೇಲ್ಮುಖವಾಗಿ ನುಗ್ಗಿಸಿ ಹಾಸನ್ನು ಎತ್ತುವುದು.

ಹೊರಗಿನ ಹೋಸ್ ಎಷ್ಟು ಕೆಳಗೆ ಜೋತಾಡುತ್ತದೆ ಎಂಬುದು ಎಷ್ಟು ಮುಖ್ಯವೆಂದು ಕೂಡ ಈ ಕೊಳವೆಯಲ್ಲೇ ಕಂಡದ್ದು. ತುಂಬಿದ ಹೋಸ್ ತನ್ನ ಎತ್ತರದಷ್ಟು ಹೀರುಬಲವನ್ನು ಹಾಸಿನ ಮೇಲೆ ಹೇರುತ್ತದೆ. ಈಗ ವರ್ಟ್ ಮೊದಲು ವಾಲ್ವಿನ ಹತ್ತಿರದಲ್ಲೇ ಇಟ್ಟ ತೆರೆದ ಸಣ್ಣ ಪಾತ್ರೆಗೆ ಬಿದ್ದು, ಅಲ್ಲಿಂದ ಕೆಳಗೆ ಹೋಗುತ್ತದೆ. ಬ್ರೂವರಿಗಳಲ್ಲಿ ಗ್ರ್ಯಾಂಟ್ ಎನ್ನುವುದು ಇಂಥದ್ದಕ್ಕೇ. ಪಂಪ್ ಇರುವವರಿಗಂತೂ ಇದು ಬೇಕೇ ಬೇಕು. ಪಂಪನ್ನು ನೇರ ತಟ್ಟೆಯ ಕೆಳಕ್ಕೆ ಜೋಡಿಸಿದರೆ ಹಾಸನ್ನು ಕ್ಷಣದಲ್ಲಿ ಬಿಗಿದುಬಿಡುತ್ತದೆ.

ಗಿರಣಿಯ ಉರುಳೆಗಳ ಅಂತರ 1.1 ಮಿ.ಮೀ.ನಲ್ಲಿದೆ. ಅರೆಯುವ ಮೊದಲು ಮಾಲ್ಟಿನ ತೂಕದ ಶೇ. 2ರಷ್ಟು, ಅಂದರೆ ಐದು ಕಿಲೋಗೆ 100 ಮಿ.ಲೀ. ನೀರು ಚಿಮುಕಿಸಿ ಕೈಯಾಡಿಸುತ್ತೇನೆ. ಸಿಪ್ಪೆ ಮೆತ್ತಗಾಗಿ ಪುಡಿಯಾಗದೆ ಉಳಿಯುತ್ತದೆ, ಒಳಗಿನ ಹಿಟ್ಟು ಮಾತ್ರ ಒಡೆಯುತ್ತದೆ. ಇಷ್ಟು ಸುಲಭದ ಕೆಲಸ ಹಾಸನ್ನು ಇಷ್ಟು ಹಗುರವಾಗಿಸುತ್ತದೆ ಎಂಬುದು ನನಗೆ ನಿಜಕ್ಕೂ ಖುಷಿ ಕೊಟ್ಟ ವಿಷಯ.

ಈ ವಾರದ ಮ್ಯಾಶ್ 66 ಡಿಗ್ರಿಯಲ್ಲಿ ನಡೆಯಿತು, ಬಸಿಯುವ ಮೊದಲು 76ಕ್ಕೆ ಏರಿಸಿದೆ; ಬಿಸಿಯಲ್ಲಿ ವರ್ಟ್ ತೆಳುವಾಗಿ ಸಲೀಸಾಗಿ ಇಳಿಯುತ್ತದೆ. ಸ್ಪಾರ್ಜ್ ನೀರನ್ನು 77 ದಾಟಲು ಬಿಡಲಿಲ್ಲ. ಬಿಸಿಯ ಜೊತೆ ಪಿಎಚ್ ಕೂಡ 6ರ ಮೇಲೆ ಹೋದರೆ ಸಿಪ್ಪೆಯ ಒಗರು ಬಿಯರಿಗೆ ಇಳಿಯುತ್ತದೆ. ನಿಮಿಷಕ್ಕೆ ಅರ್ಧ ಲೀಟರಿನ ಹರಿವಿನಲ್ಲಿ 22 ಲೀಟರ್ ತುಂಬಲು ಮುಕ್ಕಾಲು ಗಂಟೆ ಹಿಡಿಯಿತು. ಕೊಳವೆಯ ವ್ಯತ್ಯಾಸ ಗೆರೆಯ ಹತ್ತಿರವೂ ಬರಲಿಲ್ಲ. ಅಂಚಿನ ಕಾಳು, ನಡುವಿನ ಕಾಳು ಹಿಂಡಿ ನೋಡಿದರೆ ಎರಡರ ಅಳತೆಯೂ ಹೆಚ್ಚುಕಮ್ಮಿ ಒಂದೇ.

ಮುಂದಿನ ಸಲ ಅರ್ಧಕ್ಕರ್ಧ ಗೋಧಿ ಮಾಲ್ಟ್. ಗೋಧಿಗೆ ಸಿಪ್ಪೆಯಿಲ್ಲ, ಜೊತೆಗೆ ಅಂಟು ಬೇರೆ, ಹಾಗಾಗಿ ಮೊದಲು 45 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸುವ ಯೋಚನೆಯಿದೆ. ಭತ್ತದ ಹೊಟ್ಟು ಸೇರಿಸದೆ ಒಮ್ಮೆ, 250 ಗ್ರಾಂ ಸೇರಿಸಿ ಇನ್ನೊಮ್ಮೆ ಮಾಡಿ, ಎರಡೂ ಸಲ ಕೊಳವೆಯ ಮಟ್ಟವನ್ನು ಐದೈದು ನಿಮಿಷಕ್ಕೆ ಬರೆದುಕೊಂಡು ಇಲ್ಲಿ ಹಾಕುತ್ತೇನೆ.